3018ಕ್ಕೆ 20 ವ್ಯಾಟ್ ಲೇಸರ್: ಹಾಕಬಹುದೇ?

ಮರದಪುಡಿ: ನನ್ನದು 3018 ಮಾದರಿಯ ಪುಟ್ಟ ಸಿಎನ್‌ಸಿ (ಕಂಪ್ಯೂಟರ್ ಆಜ್ಞೆಯಂತೆ ಓಡುವ ಕೆತ್ತನೆ ಯಂತ್ರ). ಸ್ಪಿಂಡಲ್ (ಕೊರೆಯುವ ಬಿಟ್ ತಿರುಗಿಸುವ ಮೋಟಾರು) ಬಿಚ್ಚಿ ಅದೇ ಜಾಗದಲ್ಲಿ 5 ವ್ಯಾಟ್‌ನ ನೀಲಿ ಲೇಸರ್ ಕೂರಿಸಿದ್ದೇನೆ. ಕೆತ್ತನೆಗೆ ತೊಂದರೆಯಿಲ್ಲ. ಆದರೆ 3 ಮಿ.ಮೀ. ಪ್ಲೈವುಡ್ ಕತ್ತರಿಸಲು ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಿಸಬೇಕಾಗುತ್ತದೆ, ಅಂಚು ಇದ್ದಿಲಾಗುತ್ತದೆ. 20 ವ್ಯಾಟ್ ಮಾಡ್ಯೂಲ್ ಹಾಕಬೇಕೆಂದಿದ್ದೇನೆ. ಹಳೆಯ ಬೋರ್ಡು ಮತ್ತು ಅಡಾಪ್ಟರ್ ಸಾಕೇ? ಪೆಟ್ಟಿಗೆಯ ಜೊತೆ ಬಂದ ಹಸಿರು ಕನ್ನಡಕವನ್ನೇ ಬಳಸುತ್ತೇನೆ.

ಹಳೆಸ್ಪಿಂಡಲ್: ದುಡ್ಡು ದಂಡ. 3018ರ ಅಕ್ಷಗಳು ಓಡುವುದು ಲೀಡ್‌ಸ್ಕ್ರೂ (ತಿರುಪಿನ ಸರಳು) ಮೇಲೆ. ನಿಮಿಷಕ್ಕೆ ಒಂದೆರಡು ಸಾವಿರ ಮಿ.ಮೀ. ದಾಟಿಸಿದರೆ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪುತ್ತದೆ. ಹೆಚ್ಚು ವ್ಯಾಟ್‌ನ ಲಾಭವೆಲ್ಲ ವೇಗದಲ್ಲಿದೆ, ಆ ವೇಗ ಬೆಲ್ಟಿನ ಯಂತ್ರಗಳಿಗೇ ಸರಿ.

ನೀಲಿಗೆರೆ: "ವೇಗ" ಎಂದಿರಿ. ಅವರು ಕೇಳಿದ್ದು ಕತ್ತರಿಸುವ ಬಗ್ಗೆ. ಪ್ಲೈವುಡ್ ಕತ್ತರಿಸುವಾಗ ನಿಮಿಷಕ್ಕೆ ಎರಡು ಸಾವಿರದಲ್ಲಿ ಯಾರು ಓಡಿಸುತ್ತಾರೆ? ಕೆಲವು ನೂರು ಮಿ.ಮೀ. ಸಾಕು, ಅದು ಸ್ಕ್ರೂಗೆ ಲೀಲಾಜಾಲ. ಪ್ರಶ್ನೆ ಓದಿ ಉತ್ತರಿಸುವ ಅಭ್ಯಾಸ ಒಳ್ಳೆಯದು.

ಹಳೆಸ್ಪಿಂಡಲ್: ಓದಿದ್ದೇನೆ. ಅದರಲ್ಲಿ ಕೆತ್ತನೆಯ ಮಾತೂ ಇತ್ತು. 20 ವ್ಯಾಟ್ ಎಂದರೆ ನಾಲ್ಕು ಡಯೋಡುಗಳ ಕಿರಣವನ್ನು ಒಂದುಗೂಡಿಸಿದ್ದು. ಬೆಳಕಿನ ಚುಕ್ಕೆ ಒಂದೇ ಡಯೋಡಿನಷ್ಟು ಸಣ್ಣದಾಗಿರುವುದಿಲ್ಲ. ನುಣುಪಾದ ಚಿತ್ರಗಳಿಗೆ ಈಗಿರುವ 5 ವ್ಯಾಟ್ ಮಾಡ್ಯೂಲೇ ಮೇಲು.

ಓಮನಶಿಷ್ಯ: ಮೊದಲು ಅಡಾಪ್ಟರ್ ವಿಷಯ. ಅನೇಕ ಮಾರಾಟಗಾರರು ಪೆಟ್ಟಿಗೆಯ ಮೇಲೆ ಬರೆಯುವುದು ಒಳಗೆ ಹೋಗುವ ವಿದ್ಯುತ್ತಿನ ವ್ಯಾಟ್, ಹೊರಬರುವ ಬೆಳಕಿನದಲ್ಲ. ನೀಲಿ ಡಯೋಡು ತಿಂದದ್ದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಬೆಳಕಾಗಿ ಕೊಡುತ್ತದೆ, ಉಳಿದದ್ದು ಶಾಖ. ಉದಾಹರಣೆಗೆ 12 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಕೊಡುವುದೇ 36 ವ್ಯಾಟ್. ಅದರಿಂದ 20 ವ್ಯಾಟ್ ಬೆಳಕು ಬರಲಾರದು. ನಿಜವಾದ 20 ವ್ಯಾಟ್ ಮಾಡ್ಯೂಲ್‌ಗೆ ಪ್ರತ್ಯೇಕ ವಿದ್ಯುತ್ ಪೂರೈಕೆ ಕೊಡಿ. ಬೋರ್ಡಿನಿಂದ 5 ವೋಲ್ಟ್‌ನ ಪಿಡಬ್ಲ್ಯುಎಂ ಸಂಕೇತ (ಲೇಸರಿನ ಶಕ್ತಿ ಏರಿಳಿಸುವ ಮಿಡಿತ) ಮಾತ್ರ ಬರಲಿ, ಎರಡೂ ಕಡೆಯ ಗ್ರೌಂಡ್ ತಂತಿ ಕೂಡಿರಲಿ. ಸ್ಪಿಂಡಲ್‌ನ 24 ವೋಲ್ಟ್ ಕನೆಕ್ಟರಿನಿಂದ ಸಂಕೇತ ತೆಗೆದರೆ ಮಾಡ್ಯೂಲ್ ಸುಡಬಹುದು. ಇನ್ನು ಆ ಹಸಿರು ಕನ್ನಡಕ ಕಸದ ಬುಟ್ಟಿಗೆ.

ಹಳೆಸ್ಪಿಂಡಲ್: "ಕಸದ ಬುಟ್ಟಿಗೆ"! ಹೆದರಿಸುವುದೇ ಕೆಲವರ ಕಸುಬು. ಅದೇ ಕನ್ನಡಕವನ್ನು ವರ್ಷಗಳಿಂದ ಹಾಕಿಕೊಳ್ಳುತ್ತಿದ್ದೇನೆ, ನನ್ನ ಕಣ್ಣು ಚೆನ್ನಾಗಿಯೇ ಇದೆ.

ಓಮನಶಿಷ್ಯ: ಹೆದರಿಕೆಯಲ್ಲ, ಲೆಕ್ಕ. ಅರ್ಧ ವ್ಯಾಟ್ ದಾಟಿದ ಲೇಸರ್ ನಾಲ್ಕನೇ, ಅಂದರೆ ಅತಿ ಅಪಾಯದ, ವರ್ಗದ್ದು. ಅದು ಚದುರಿ ಬಂದರೂ ಅಪಾಯ. ಕನ್ನಡಕದ ಗುಣ ಅಳೆಯುವುದು ಓಡಿ (ಆಪ್ಟಿಕಲ್ ಡೆನ್ಸಿಟಿ, ಬೆಳಕು ತಡೆಯುವ ಶಕ್ತಿ) ಅಂಕಿಯಿಂದ. ಓಡಿ 4 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಒಳಗೆ ಬರುತ್ತದೆ. ಇಡೀ ಕಿರಣ ಕಣ್ಣಿಗೆ ತಿರುಗಿದರೆ 5 ವ್ಯಾಟ್‌ನಲ್ಲಿ 0.5 ಮಿಲಿವ್ಯಾಟ್, 20 ವ್ಯಾಟ್‌ನಲ್ಲಿ 2 ಮಿಲಿವ್ಯಾಟ್. ಕಡಿಮೆ ಅಪಾಯದ ಎರಡನೇ ವರ್ಗದ ಮಿತಿ 1 ಮಿಲಿವ್ಯಾಟ್. ಅದೂ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚುತ್ತದೆ ಎಂಬ ಎಣಿಕೆಯ ಮೇಲೆ.

ಹಳೆಸ್ಪಿಂಡಲ್: "ಇಡೀ ಕಿರಣ ಕಣ್ಣಿಗೆ ತಿರುಗಿದರೆ" ಅಂತೆ. ಮೂತಿಯ ಕೆಳಗೆ ತಲೆಯಿಟ್ಟು ಮಲಗುವವರು ಯಾರು? ಪ್ಲೈವುಡ್ ಕನ್ನಡಿಯೇ?

ನೀಲಿಗೆರೆ: ಪ್ಲೈವುಡ್ ಕನ್ನಡಿಯಲ್ಲ, ಅದನ್ನು ಕತ್ತರಿಸಿ ದಾಟಿದ ಮೇಲೆ ಸಿಗುವ ಅಲ್ಯೂಮಿನಿಯಂ ಹಾಸು ಹೊಳೆಯುತ್ತದೆ. 3018ರ ಹಾಸು ಯಾವುದರದ್ದು ಎಂದು ತಮಗೆ ಗೊತ್ತಿರಬೇಕಲ್ಲ?

ಹಳೆಸ್ಪಿಂಡಲ್: ನನ್ನ ಹಾಸಿನ ಮೇಲೆ ಹಲಗೆಯಿದೆ. ಮುಂದೆ?

ಓಮನಶಿಷ್ಯ: ಹಲಗೆ ಇಟ್ಟಿದ್ದೀರಿ ಎಂದರೆ ಅಪಾಯವಿದೆ ಎಂದು ಒಪ್ಪಿದ್ದೀರಿ ಎಂದೇ ಅರ್ಥ.

ಹಳೆಸ್ಪಿಂಡಲ್: ಹಲಗೆ ಇಟ್ಟದ್ದು ಹಾಸು ಕಪ್ಪಾಗದಿರಲಿ ಎಂದು. ನನ್ನ ಬಾಯಲ್ಲಿ ನಿಮ್ಮ ಮಾತು ತುರುಕಬೇಡಿ.

ಮರದಪುಡಿ: ಕನ್ನಡಕದ ಕಡ್ಡಿಯ ಮೇಲೆ "200-450" ಎಂದು ಬರೆದಿದೆ, ಓಡಿ ಅಂಕಿ ಇಲ್ಲ. ಸ್ಪಿಂಡಲ್ ಕನೆಕ್ಟರ್ ಅಲ್ಲವಾದರೆ ಬೋರ್ಡಿನಲ್ಲಿ ಸಂಕೇತ ಎಲ್ಲಿಂದ ತೆಗೆಯಬೇಕು?

ಓಮನಶಿಷ್ಯ: ನೋಡಿದಿರಾ! ಓಡಿ ಅಂಕಿಯೇ ಇಲ್ಲ. ಈ ಡಯೋಡುಗಳ ಬೆಳಕಿನ ತರಂಗಾಂತರ 445ರಿಂದ 455 ನ್ಯಾನೋಮೀಟರ್ ನಡುವೆ ಇರುತ್ತದೆ. ಕನ್ನಡಕದ ಬೇಲಿ 450ಕ್ಕೇ ಮುಗಿದರೆ ಆಚೆಗಿನದನ್ನು ತಡೆಯುವವರು ಯಾರು?

ಹಳೆಸ್ಪಿಂಡಲ್: ಗಾಜು 450ರಲ್ಲಿ ತಡೆದು 451ರಲ್ಲಿ ಬಾಗಿಲು ತೆರೆಯುತ್ತದೆಯೇ? ಭೌತಶಾಸ್ತ್ರ ಹೀಗೂ ಇದೆಯೇ?

ಓಮನಶಿಷ್ಯ: ಬಾಗಿಲು ಎಂದು ನಾನು ಹೇಳಿಲ್ಲ. ಅಳತೆಯ ಕಾಗದವೇ ಇಲ್ಲದ ಗಾಜಿನ ಪರ ವಾದಿಸುತ್ತಿರುವವರು ನೀವು.

ಇಳಿಜಾರು: ಅತ್ತ ಕಣ್ಣಿನ ಯುದ್ಧ ನಡೆಯಲಿ. ಮರದಪುಡಿಯವರೇ, ಅಂಚು ಇದ್ದಿಲಾಗುವುದು ವ್ಯಾಟ್ ಕಡಿಮೆ ಎಂಬ ಒಂದೇ ಕಾರಣಕ್ಕಲ್ಲ. ಮೂತಿಯ ಪಕ್ಕ ಗಾಳಿ ಊದಿಸಿ, ಹೊಗೆ ಕಿರಣಕ್ಕೆ ಅಡ್ಡ ಬರುವುದು ತಪ್ಪುತ್ತದೆ, ಜ್ವಾಲೆಯೂ ಹಬ್ಬುವುದಿಲ್ಲ. ಜಿಆರ್‌ಬಿಎಲ್ 1.1 (ಬೋರ್ಡು ನಡೆಸುವ ತಂತ್ರಾಂಶ) ಇದ್ದರೆ $32=1 ಮಾಡಿ ಲೇಸರ್ ವಿಧಾನಕ್ಕೆ ತನ್ನಿ, ಎಂ3 (ಒಂದೇ ಶಕ್ತಿ) ಆಜ್ಞೆಯ ಬದಲು ಎಂ4 (ವೇಗಕ್ಕೆ ತಕ್ಕ ಶಕ್ತಿ) ಬಳಸಿ. ಮೂಲೆಯಲ್ಲಿ ವೇಗ ಇಳಿದಾಗ ಶಕ್ತಿಯೂ ಇಳಿಯುತ್ತದೆ, ಮೂಲೆ ಕರಕಲಾಗದು. ಇಷ್ಟು ಮಾಡಿದ ಮೇಲೆ 10 ವ್ಯಾಟ್ ಸಾಕಾಗಬಹುದು. ಪಿವಿಸಿ ಮಾತ್ರ ಎಂದಿಗೂ ಸುಡಬೇಡಿ, ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ಶ್ವಾಸಕ್ಕೂ ಕೆಡುಕು, ಯಂತ್ರಕ್ಕೂ ತುಕ್ಕು.

ನೀಲಿಗೆರೆ: "10 ವ್ಯಾಟ್ ಸಾಕಾಗಬಹುದು" ಎನ್ನುವವರು ಪಾರದರ್ಶಕ ಅಕ್ರಿಲಿಕ್ ಕತ್ತರಿಸಿ ತೋರಿಸಲಿ.

ಇಳಿಜಾರು: ಪಾರದರ್ಶಕ ಅಕ್ರಿಲಿಕ್ ನೀಲಿ ಬೆಳಕನ್ನು ಹೀರುವುದೇ ಇಲ್ಲ, 20 ವ್ಯಾಟ್ ಕೊಟ್ಟರೂ ಕಿರಣ ಆಚೆಗೆ ಹೋಗುತ್ತದೆ. ಅದಕ್ಕೆ 10.6 ಮೈಕ್ರಾನ್‌ನ ಕಾರ್ಬನ್ ಡೈಆಕ್ಸೈಡ್ ಲೇಸರ್ ಬೇಕು. ಅಲ್ಲದೆ ಅವರು ಕೇಳಿದ್ದು ಪ್ಲೈವುಡ್.

ನೀಲಿಗೆರೆ: ಉದಾಹರಣೆ ಕೊಟ್ಟೆನಷ್ಟೇ.

ಹಳೆಸ್ಪಿಂಡಲ್: ಕಡೆಗೆ 10 ವ್ಯಾಟ್‌ಗೆ ಬಂದಿರಲ್ಲ. 20 ದಂಡ ಎಂದು ಮೊದಲೇ ಹೇಳಿದ್ದೆ.

ಓಮನಶಿಷ್ಯ: ನೀವು ಹೇಳಿದ ಕಾರಣ ವೇಗ. ಇಳಿಜಾರು ಹೇಳಿದ ಕಾರಣ ಗಾಳಿ. ಬೇರೆಯವರ ಉತ್ತರಕ್ಕೆ ನೀವು ಅಂಕ ಹಾಕಿಕೊಳ್ಳಬೇಡಿ. ಕನ್ನಡಕದ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಮರದಪುಡಿ: ಬೋರ್ಡಿನ ಅಂಚಿನಲ್ಲಿ "ಲೇಸರ್" ಎಂದು ಬರೆದ ಮೂರು ಪಿನ್ನುಗಳಿವೆ. 10 ವ್ಯಾಟ್ ತಂದರೆ ಅಲ್ಲಿಗೇ ಜೋಡಿಸಬಹುದೇ?

ಓಮನಶಿಷ್ಯ: ಸಂಕೇತ ಮತ್ತು ಗ್ರೌಂಡ್ ಅಲ್ಲಿಂದ ತೆಗೆಯಿರಿ, ಆದರೆ ಮಲ್ಟಿಮೀಟರಿನಲ್ಲಿ 5 ವೋಲ್ಟ್ ಖಚಿತಪಡಿಸಿಕೊಂಡ ಮೇಲೆ. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆ? ಅದನ್ನು ಹೇಳದೆ ಮುಂದಿನ ಮಾತಿಲ್ಲ.

ಹಳೆಸ್ಪಿಂಡಲ್: ಕೇಳಿ ಅವರನ್ನೇ, ಮಲ್ಟಿಮೀಟರ್ ಹಿಡಿಯುವಾಗ ಯಾವ ಓಡಿಯ ಕನ್ನಡಕ ಬೇಕು ಎಂದು.