ಅಪ್ಪನ ಬೀಟೆ ಮೇಜಿನ ಮೇಲೆ ಮಾಡೆಲ್ ಕಟ್ಟುವುದು ಹೇಗೆ? (ಕಲೆ ಬಿದ್ದ ಮೇಲೆ ಕೇಳುತ್ತಿದ್ದೇನೆ)

ಗೇಣುದ್ದದ ವಿಮಾನ (ಸರಸ್ವತಿಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಬೀಟೆ ಮೇಜಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎಡಗಡೆ ಮೂರು ಡ್ರಾಯರ್. ಅಪ್ಪ ಮೇಷ್ಟ್ರು. ಇಪ್ಪತ್ತೈದು ವರ್ಷ ಅದರ ಮೇಲೆ ಪೇಪರ್ ತಿದ್ದಿದರು, ಒಂದು ಕೆಂಪು ಮಸಿ ಚುಕ್ಕೆ ಬೀಳಿಸಲಿಲ್ಲ. ನಾನು ಕೂತು ಎರಡು ತಿಂಗಳಾಗಿಲ್ಲ.

ಕಟ್ಟುತ್ತಿರುವುದು ನಮ್ಮ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನದ ಮಾಡೆಲ್, 1:72 ಅಳತೆಯಲ್ಲಿ, ಅಂದ್ರೆ ನಿಜದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲು. ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ನಿಜವಾದ ವಿಮಾನ 15.87 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಈ ಅಳತೆಗೆ ಇಳಿಸಿದರೆ 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಅಗಲ. ಅಂದ್ರೆ ವಿಮಾನ ಒಂದು ಗೇಣು. ಅದರ ಸುತ್ತ ಹರಡಿಕೊಳ್ಳುವ ಸಾಮಾನು ಮಾತ್ರ ಒಂದು ಮಾರು!

ಹೋದ ಭಾನುವಾರ ಮಧ್ಯಾಹ್ನ ಬಣ್ಣ ತೆಳು ಮಾಡೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿ ತೆಗೆದಿದ್ದೆ. ಮುಚ್ಚಳ ಪಕ್ಕಕ್ಕಿಟ್ಟೆ. ಆಮೇಲೆ ಬ್ರಷ್‌ಗೆ ಕೈ ಚಾಚಿದಾಗ ಮೊಣಕೈ ತಗುಲಿತು. ಅರ್ಧ ಬಾಟಲಿ ಮೇಜಿನ ಮೇಲೆ. ಗಾಬರಿಯಲ್ಲಿ ಹಳೆ ಬನಿಯನ್ ತಗೊಂಡು ಒತ್ತಿ ಒರೆಸಿದೆ. ಒರೆಸಬಾರದಿತ್ತು. ಪಾಲಿಶ್ ಬನಿಯನ್ನಿಗೆ ಅಂಟಿಕೊಂಡು ಎದ್ದು ಬಂತು. ಈಗ ಅಲ್ಲಿ ಅಂಗೈ ಅಗಲದ ಬಿಳಿ ಕಲೆ. ಓರೆಯಾಗಿ ಬೆಳಕು ಬಿದ್ದರೆ ಬನಿಯನ್ನಿನ ನೇಯ್ಗೆ ಸಮೇತ ಅಚ್ಚಾಗಿರುವುದು ಕಾಣುತ್ತೆ.

ಅಮ್ಮ ನೋಡಿದರು. "ನಿಮ್ಮಪ್ಪ ಇದರ ಮೇಲೆ ಕಾಫಿ ಲೋಟ ಕೂಡ ಇಡ್ತಿರಲಿಲ್ಲ ಕಣೋ" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ರೂಮು ಹತ್ತಡಿಗೆ ಎಂಟಡಿ. ಇನ್ನೊಂದು ಮೇಜು ಹಾಕಿದರೆ ಮಂಚ ಹೊರಗೆ ಹೋಗಬೇಕು. ಇದರ ಮೇಲೇ ಗಾಜು ಹಾಕಿಸಲಾ? ಏನು ಮಾಡಿದರೆ ಮೇಜೂ ಉಳಿಯುತ್ತೆ, ಹುಚ್ಚೂ ಉಳಿಯುತ್ತೆ? ಇನ್ನೊಂದು ವಿಷಯ. ನಮ್ಮದು ಮೊಸಾಯಿಕ್ ನೆಲ. ಕಡಲೆಬೇಳೆಯಷ್ಟಿರುವ ಮುಂದಿನ ಚಕ್ರ ಕೆಳಗೆ ಬಿದ್ದು ನಾಲ್ಕು ದಿನವಾಯಿತು. ಆ ನೆಲದ ಮೇಲೆ ಎಲ್ಲಾ ಚುಕ್ಕೆಯೂ ಚಕ್ರದ ಹಾಗೇ ಕಾಣುತ್ತೆ.

ಮೀಟರ್‌ಗೇಜ್ ಮಂಡ್ಯ

ಗಾಜು ಬೇಡ ಸಾರ್. ಕೈ ಮುಗಿದು ಹೇಳ್ತೀನಿ.

ನಾನು ಹಾಕಿಸಿ ಕೆಟ್ಟವನು. ಪಾಲಿಶ್ ಮಾಡಿದ ಟೀಪಾಯಿ ಮೇಲೆ ಐದು ಎಂಎಂ ಗಾಜು ಇಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಎತ್ತಿದರೆ ಅಲ್ಲಲ್ಲಿ ಪಾಲಿಶ್ ಗಾಜಿಗೇ ಅಂಟಿತ್ತು. ಎರಡರ ನಡುವೆ ತೇವ ಸೇರಿದರೆ ಆರುವುದಕ್ಕೆ ದಾರಿ ಇರಲ್ಲ. ನಿಮ್ಮ ಸ್ಪಿರಿಟ್ಟೂ ಹಾಗೇ. ಗಾಜಿನ ಅಂಚಿನಿಂದ ಒಳಗೆ ನುಗ್ಗಿದರೆ ಒರೆಸುವುದಕ್ಕೂ ಸಿಗಲ್ಲ, ಒಳಗೊಳಗೇ ತಿನ್ನುತ್ತೆ.

ಮೇಜಿನ ಮೇಲೆ ಇಟ್ಟು ತೆಗೆಯುವ ಒಂದು ಹಲಗೆ ಮಾಡಿಸಿ. ನನ್ನದು ಮೂವತ್ತು ಇಂಚಿಗೆ ಇಪ್ಪತ್ತು, 12 ಎಂಎಂ ಪ್ಲೈವುಡ್. ಬಡಗಿ ಹತ್ತಿರ ಉಳಿದ ತುಂಡು ಇದ್ದೇ ಇರುತ್ತೆ, ಕೇಳಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಗ್ಗ ಅಂತ ಹೋಗಬೇಡಿ. ಅಂಚಿಗೆ ನೀರು ತಾಗಿದರೆ ನೆನೆದ ರಸ್ಕಿನ ಹಾಗೆ ಉಬ್ಬುತ್ತೆ. ಮೇಲ್ಗಡೆ ಮ್ಯಾಟ್ ಸನ್ಮೈಕಾ ಹಾಕಿಸಿ. ಫಳಫಳ ಹೊಳೆಯೋದು ಬೇಡ, ಲೈಟು ಕಣ್ಣಿಗೆ ಹೊಡೆಯುತ್ತೆ. ತಿಳಿ ಬೂದು ಬಣ್ಣ ಒಳ್ಳೇದು, ಬಿಳಿ ಪ್ಲಾಸ್ಟಿಕ್ಕೂ ಕಾಣುತ್ತೆ, ಕಪ್ಪೂ ಕಾಣುತ್ತೆ. ಕೆಳಗಡೆಗೂ ಸನ್ಮೈಕಾ ಬೇಕು. ಒಂದೇ ಕಡೆ ಹಾಕಿದರೆ ಹಲಗೆ ನಿಧಾನಕ್ಕೆ ಬಿಲ್ಲಾಗುತ್ತೆ. ಬಡಗಿ "ಕೆಳಗೆ ಯಾರು ನೋಡ್ತಾರೆ ಸ್ವಾಮಿ" ಅಂತಾನೆ. ಬಿಡಬೇಡಿ.

ಇದು ನನಗ್ಯಾಕೆ ಗೊತ್ತು ಅಂದ್ರೆ, ನಾನು ಕಟ್ಟೋದು 1:87ರಲ್ಲಿ ಹಳೆ ಮೀಟರ್‌ಗೇಜ್ ಸ್ಟೇಷನ್. ಒಂದು ಮೀಟರ್ ಅಗಲದ ಹಳಿ ಹನ್ನೊಂದೂವರೆ ಎಂಎಂ ಆಗುತ್ತೆ, ಸಿಗೋದು 12 ಎಂಎಂ ಟ್ರ್ಯಾಕ್. ಮೈಸೂರು ರೈಲ್ ಮ್ಯೂಸಿಯಂಗೆ ಹೋಗಿ ಅಲ್ಲಿರೋ ಮಹಾರಾಣಿ ಸಲೂನ್ ಅನ್ನೋ ರೈಲುಬೋಗಿ ಸುತ್ತಿ ಸುತ್ತಿ ಸ್ಕೆಚ್ ಹಾಕಿಕೊಂಡು ಬಂದವನು ನಾನು. ಅಷ್ಟು ಕಷ್ಟಪಟ್ಟು ಬೋಗಿ ಕಟ್ಟಿ ಹಲಗೆ ಮೇಲಿಟ್ಟರೆ ತಾನಾಗೇ ಉರುಳಿಕೊಂಡು ಹೋಯ್ತು. ಹಲಗೆ ಬಿಲ್ಲಾಗಿತ್ತು.

ಮುಖ್ಯವಾದ್ದು ಅಂಚು. ಹಿಂದೆ ಮತ್ತು ಎರಡು ಪಕ್ಕ ಅರ್ಧ ಇಂಚು ಎತ್ತರದ ತೇಗದ ಬೀಡಿಂಗ್ ಪಟ್ಟಿ ಹೊಡೆಸಿ. ಮುಂದೆ ಮೇಲಕ್ಕಲ್ಲ, ಕೆಳಕ್ಕೆ ಒಂದು ಪಟ್ಟಿ. ಅದು ಮೇಜಿನ ಅಂಚಿಗೆ ಕೊಕ್ಕೆ ಹಾಕಿದ ಹಾಗೆ ಕೂರುತ್ತೆ, ಎಷ್ಟು ಒತ್ತಿ ಉಜ್ಜಿದರೂ ಹಲಗೆ ಹಿಂದಕ್ಕೆ ಜಾರಲ್ಲ. ಮುಂದಿನ ಅಂಚು ಮಾತ್ರ ಉಜ್ಜುಕಾಗದದಲ್ಲಿ ದುಂಡಗೆ ಮಾಡಿ, ಇಲ್ಲದಿದ್ದರೆ ಮಣಿಕಟ್ಟಿಗೆ ಒತ್ತುತ್ತೆ. ಹಲಗೆಯ ತಳಕ್ಕೆ ಹಳೆ ಕಂಬಳಿ ತುಂಡು ಅಂಟಿಸಿ. ಕೆಲಸ ಮುಗಿದ ಮೇಲೆ ಹಲಗೆ ಎತ್ತಿ ಮಂಚದ ಕೆಳಗೆ ತಳ್ಳಿ, ಮೇಜು ಉಸಿರಾಡಲಿ.

ಕೊಯ್ಯೋಕೆ ಎ3 ಕಟಿಂಗ್ ಮ್ಯಾಟ್ ಸಾಕು. ಅದರ ಮೇಲೆ ಬಿಸಿ ಲೋಟ ಇಡಬೇಡಿ, ಸೊಟ್ಟಗಾದರೆ ಮತ್ತೆ ಸರಿಯಾಗಲ್ಲ. ಗಾಜು ಇಷ್ಟ ಇದ್ದರೆ ಅಂಗೈಯಷ್ಟು ತುಂಡು ಇಟ್ಟುಕೊಳ್ಳಿ, ಅಂಟು ಸುರಿದುಕೊಳ್ಳೋಕೆ. ಒಣಗಿದ ಮೇಲೆ ಬ್ಲೇಡಲ್ಲಿ ಕೆರೆದರೆ ಹೋಗುತ್ತೆ.

ಪುಟ್ಟಮನೆ (ಕುವೆಂಪುನಗರ)

ಆ ಬನಿಯನ್ ವಿಷಯ ಓದಿ ಎದೆ ಧಸಕ್ ಅಂತು. ಸ್ಪಿರಿಟ್ ಆಯ್ತು, ಮೇಜು ಹಾಳಾಯ್ತು. ಫೆವಿಕ್ವಿಕ್ ಚೆಲ್ಲಿದಾಗ ಹಾಗೆ ಹತ್ತಿ ಬಟ್ಟೆಯಲ್ಲಿ ಒರೆಸೋಕೆ ಹೋಗಬೇಡಿ. ಹತ್ತಿಗೆ ಅದು ತಾಗಿದರೆ ಬಿಸಿಯಾಗುತ್ತೆ, ಕೈ ಸುಡುತ್ತೆ. ಜಾಸ್ತಿ ಚೆಲ್ಲಿದರೆ ಹೊಗೆಯೂ ಬರಬಹುದು. ನಾನು ದಸರಾ ಗೊಂಬೆಗೆ ಪುಟ್ಟ ಪುಟ್ಟ ಮನೆ, ಅಂಗಡಿ ಮಾಡ್ತೀನಿ. ಒಂದು ವರ್ಷ ಹತ್ತಿ ಉಂಡೆಯಲ್ಲಿ ಒರೆಸಿ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ಬಾಟಲಿ ಬೀಳದ ಹಾಗೆ ಮಾಡೋದು ಸುಲಭ. ದಪ್ಪ ಮರದ ತುಂಡಿಗೆ ಬಾಟಲಿ ಗಾತ್ರದ ಗುಳಿ ಕೊರೆಸಿ ಹಲಗೆಯ ಮೂಲೆಗೆ ಸ್ಕ್ರೂ ಹಾಕಿಬಿಡಿ. ಥರ್ಮಾಕೋಲ್‌ನಲ್ಲಿ ಮಾಡಬೇಡಿ. ಥಿನ್ನರ್ ಒಂದು ತೊಟ್ಟು ಬಿದ್ದರೆ ಸಕ್ಕರೆ ಹಾಗೆ ಕರಗಿ ಹೋಗುತ್ತೆ. ಥಿನ್ನರ್ ತೆಗೆದಾಗ ಕಿಟಕಿ ತೆಗೆದಿರಲಿ, ಆ ರೂಮಲ್ಲಿ ದೇವರ ದೀಪ ಇದ್ದರೆ ಕೆಲಸ ಆಮೇಲೆ.

ಚಕ್ರ ಬೀಳೋದಕ್ಕೆ ನಮ್ಮಲ್ಲಿ ಉಪಾಯ ಇದೆ. ನಾನು ಸೀರೆ ಉಟ್ಟು ಕೂರ್ತೀನಿ, ಬಿದ್ದಿದ್ದೆಲ್ಲ ಮಡಿಲಿಗೇ. ಪ್ಯಾಂಟ್ ಹಾಕಿಕೊಂಡು ಕಾಲಗಲಿಸಿ ಕೂತರೆ ನೆಲಕ್ಕೇ ಹೋಗೋದು. ಹಳೆ ಸೀರೆ ತುಂಡು ಹಲಗೆಯ ಮುಂದಿನ ಪಟ್ಟಿಗೆ ಸಿಕ್ಕಿಸಿ, ಇನ್ನೊಂದು ತುದಿ ಸೊಂಟಕ್ಕೆ. ಕರೆದರೆ ಎದ್ದು ಓಡೋ ಮುಂಚೆ ಬಿಚ್ಚೋದು ಮರೀಬೇಡಿ ಅಷ್ಟೇ. ಕಳೆದ ಚಕ್ರಕ್ಕೆ ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ನೆಲದ ಮೇಲೇ ಮಲಗಿಸಿ ಹಚ್ಚಿ. ಎತ್ತರ ಇರೋದಕ್ಕೆಲ್ಲ ಉದ್ದ ನೆರಳು ಬೀಳುತ್ತೆ. ಮೊಸಾಯಿಕ್ ಚುಕ್ಕೆಗೆ ನೆರಳಿಲ್ಲ.

ಉಜ್ಜುಕಾಗದ

ಕಲೆಗೆ ಯಾರೂ ಏನೂ ಹೇಳಲಿಲ್ಲ. ಹಳೆ ಬೀಟೆ ಮೇಜು ಅಂದ್ರೆ ಅದು ಫ್ರೆಂಚ್ ಪಾಲಿಶ್ ಇರಬೇಕು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿರೋದು. ಅದಕ್ಕೇ ನಿಮ್ಮ ಆಲ್ಕೋಹಾಲ್‌ಗೆ ಎದ್ದು ಬಂದಿದ್ದು. ಆದರೆ ಹಾಗೆ ಕರಗೋದ್ರಿಂದಲೇ ಹೊಸದು ಹಳೆಯದರ ಜೊತೆ ಬೆರೆಯುತ್ತೆ, ಇಡೀ ಮೇಜು ಕೆರೆಯೋದು ಬೇಡ. ಗೊತ್ತಿರುವ ಪಾಲಿಶ್‌ನವರಿಂದ ಮಾಡಿಸಿ. ಮಳೆ ಹಿಡಿದ ದಿನ ಬೇಡ, ಮತ್ತೆ ಬೆಳ್ಳಗಾಗುತ್ತೆ.

ಗೇಣುದ್ದದ ವಿಮಾನ

ಐದು ವಾರದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ.

ಟಾರ್ಚ್ ಕೆಲಸ ಮಾಡಿತು ಮೇಡಂ. ಒಂದು ಸಾಸಿವೆ ಕಾಳು, ಅಮ್ಮನ ಓಲೆಯ ತಿರುಪು, ಆಮೇಲೆ ಮಂಚದ ಕಾಲಿನ ಪಕ್ಕ ನನ್ನ ಚಕ್ರ. ತಿರುಪು ಸಿಕ್ಕಿದ್ದರಿಂದ ಮನೆಯಲ್ಲಿ ನನ್ನ ಮಾನ ಸ್ವಲ್ಪ ಮೇಲೆ ಬಂತು.

ಪಾಲಿಶ್ ಆಯಿತು. ಗೊತ್ತಿದ್ದವರಿಗೆ ಕಲೆ ಇನ್ನೂ ಕಾಣುತ್ತೆ. ಅಮ್ಮನಿಗೆ ಗೊತ್ತು.

ಹಲಗೆಯೂ ಬಂತು, ಮೂವತ್ತಕ್ಕೆ ಇಪ್ಪತ್ತು, ಎರಡೂ ಕಡೆ ಸನ್ಮೈಕಾ, ತಳಕ್ಕೆ ಕಂಬಳಿ. ಬಡಗಿ ಮಂಡ್ಯದ ಸಾರ್ ಹೇಳಿದ ಮಾತನ್ನೇ ಅಕ್ಷರ ಬಿಡದೆ ಹೇಳಿದ. ನಾನು ಬಿಡಲಿಲ್ಲ. ಆದರೆ ಇನ್ನೂ ಅದರ ಮೇಲೆ ಒಂದು ಹನಿ ಬಣ್ಣ ಬಿದ್ದಿಲ್ಲ. ತಂದ ದಿನವೇ ಅಮ್ಮ ಬೀಡಿಂಗ್ ಮೇಲೆ ಕೈಯಾಡಿಸಿ, "ಕಾಳು ಉರುಳಿ ಹೋಗಲ್ಲ, ಅಲ್ವಾ?" ಅಂದರು. ಈಗ ಅವರೆಕಾಯಿ ಕಾಲ. ದಿನಾ ಬೆಳಿಗ್ಗೆ ಎರಡು ಕೆಜಿ ಅದರ ಮೇಲೇ ಸುಲಿಯುತ್ತಾರೆ, ಸಂಜೆ ಹಿದಕುತ್ತಾರೆ. ಥಿನ್ನರ್ ತಾಗಿದ ಮೇಲೆ ಅದು ಅಡುಗೆಗೆ ಬರಲ್ಲ ಅಂತ ನಾನೂ ಬಾಟಲಿ ತೆಗೆದಿಲ್ಲ.

ಬಡಗಿಗೆ ಇನ್ನೊಂದು ಹೇಳಿದ್ದೇನೆ. ಅಳತೆ ಅದೇ.