ಎಣ್ಣೆ ಸುರೀತಾ ಗಾಡಿ ಓಡಿಸಬೇಡ ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಈಗ ಕೇಳಿದೆ, ಫೋಟೊನೂ ನೋಡಿದೆ. ವ್ಯಾನಿನ ಕೆಳಗೆ ಫರಸಿ ಮೇಲೆ ಸ್ಟೇರಿಂಗ್ ಹಗುರ ಮಾಡೋ ಕೆಂಪು ಎಣ್ಣೆ ಬಿದ್ದಿದೆ, ಸ್ಟೇರಿಂಗ್ ತಿರುಗಿಸಿದರೆ ಗುಂಯ್ ಅಂತ ಸದ್ದು ಬರುತ್ತೆ, ಗ್ಯಾರೇಜ್ ಮೇಸ್ತ್ರಿ ಸ್ಟೇರಿಂಗ್ ರ್ಯಾಕ್, ಅಂದರೆ ಸ್ಟೇರಿಂಗ್ ತಿರುಗಿಸಿದಂತೆ ಮುಂದಿನ ಚಕ್ರ ಹೊರಳಿಸೋ ಭಾಗ, ಬದಲಿಸಬೇಕು ಅಂದಿದ್ದಾನೆ, ಹಾವೇರಿ ನಿಶ್ಚಯ ಮುಗಿಯೋ ತನಕ ಎಣ್ಣೆ ಹಾಕ್ತಾ ಓಡಿಸಿದರೆ ನಡೆಯುತ್ತಾ ಕಾಕಾ ಅಂತ ಕೇಳಿದ್ದೀಯ. ನಡೆಯೋದಿಲ್ಲ. ಓಡಿಸಬೇಡ.

ಬನಶಂಕರಿ ಜಾತ್ರೆಗೆ ಹೋಗುವಾಗ ಏನಾಯಿತು ಅಂತ ನಿಮ್ಮವ್ವನನ್ನ ಕೇಳು, ಗಾಡಿಯಲ್ಲೇ ಇದ್ದಳು. ಆಗ ನಮ್ಮ ಬಿಳಿ ವ್ಯಾನ್. ಗದಗಿನಿಂದ ಹೊರಟು ರೋಣ ದಾಟಿದ್ದೆವು. ಬನದ ಹುಣ್ಣಿಮೆ ಅಂದರೆ ಗೊತ್ತಲ್ಲ, ರಸ್ತೆ ತುಂಬಾ ಚಕ್ಕಡಿ, ಟ್ರ್ಯಾಕ್ಟರ್, ನಡೆದು ಹೋಗೋ ಜನ. ರ್ಯಾಕ್ ಸೋರೋದು ಡ್ರೈವರಿಗೆ ಮೊದಲೇ ಗೊತ್ತಿತ್ತು. ಯಾರಿಗೂ ಹೇಳದೆ ಸೀಟಿನ ಕೆಳಗೆ ಬಾಟಲಿ ಇಟ್ಟುಕೊಂಡು ನಿಂತಲ್ಲೆಲ್ಲ ಎಣ್ಣೆ ಸುರಿದಿದ್ದ. ಒಂದು ತಿರುವಿನಲ್ಲಿ ಸ್ಟೇರಿಂಗ್ ಒಮ್ಮೆಲೇ ಕಲ್ಲಾಯಿತು. ಪೂರಾ ತಿರುಗೋದೇ ಇಲ್ಲ ಅಂತಲ್ಲ, ಚಕ್ರಕ್ಕೂ ಸ್ಟೇರಿಂಗಿಗೂ ಕಬ್ಬಿಣದ ಕೂಡಿಕೆ ಇದ್ದೇ ಇರುತ್ತೆ, ತೋಳಿನ ಶಕ್ತಿಯೆಲ್ಲ ಹಾಕಿದರೆ ತಿರುಗುತ್ತೆ, ಆದರೆ ಎದುರಿಗೆ ಚಕ್ಕಡಿ ಬಂದಾಗ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಗಾಡಿ ಸೀದಾ ಬಿಳಿಜೋಳದ ಹೊಲಕ್ಕೆ ಇಳಿಯಿತು. ಎತ್ತಿಗೂ ಮಕ್ಕಳಿಗೂ ಏನೂ ಆಗಲಿಲ್ಲ, ಆ ತಾಯಿ ದಯೆ.

ಆಮೇಲೆ ಮೇಸ್ತ್ರಿ ರ್ಯಾಕಿನ ತುದಿಯ ರಬ್ಬರ್ ಬೂಟ್ ಇದೆಯಲ್ಲ, ಮಡಿಕೆ ಮಡಿಕೆ ಇರೋದು, ಅದರ ಕ್ಲಿಪ್ ಸಡಿಲ ಮಾಡಿದ. ಅಂಗೈ ತುಂಬಿ ಚೆಲ್ಲುವಷ್ಟು ಎಣ್ಣೆ ಇಳಿಯಿತು, ಅದರಲ್ಲಿ ಕರಿ ಪುಡಿ. ಬೂಟ್ ಹರಿದು ನೀರು, ಮಣ್ಣು ಒಳಗೆ ಹೋಗಿ ರ್ಯಾಕಿನ ಒಳಗಿನ ರಾಡ್ ಮೇಲೆ ತುಕ್ಕು ಕೂತಿತ್ತು, ಉಗುರು ಆಡಿಸಿದರೆ ತಡೆಯುತ್ತಿತ್ತು. ಅಂಥ ರಾಡಿಗೆ ಬರೀ ಸೀಲ್ ಕಿಟ್, ಅಂದರೆ ಎಣ್ಣೆ ಸೋರದಂತೆ ತಡೆಯೋ ರಿಂಗುಗಳು, ಹಾಕಿದರೆ ಹೊಸ ಸೀಲನ್ನೂ ಕೊಯ್ದು ಬಿಡುತ್ತೆ. ಎಣ್ಣೆ ಇಲ್ಲದೆ ಓಡಿ, ರ್ಯಾಕಿಗೆ ಎಣ್ಣೆ ತಳ್ಳೋ ಪಂಪೂ ಕೆಟ್ಟಿತ್ತು. ಅದಕ್ಕೇ ಇನ್ನೊಮ್ಮೆ ಹೇಳುತ್ತಿದ್ದೇನೆ, ಎಣ್ಣೆ ಸುರೀತಾ ಓಡಿಸಬೇಡ. ಬಿಸಿ ಸೈಲೆನ್ಸರ್ ಪೈಪ್ ಮೇಲೆ ಆ ಎಣ್ಣೆ ಬಿದ್ದರೆ ಬೆಂಕಿನೂ ಹತ್ತಬಹುದು.

ಮತ್ತೆ ಆ ಖರ್ಚು ಯಾರು ಕೊಟ್ಟರು? ನಿಮ್ಮಪ್ಪ, ನಾನು. ಈ ಗ್ರೂಪಿನಲ್ಲಿ ಇರುವವರೆಲ್ಲ ಆ ಗಾಡಿಯಲ್ಲಿ ಓಡಾಡಿದವರೇ. ಕುಬಸ ಇರಲಿ, ಜವಳ ಇರಲಿ, ಹುಬ್ಬಳ್ಳಿ ಆಸ್ಪತ್ರೆ ಇರಲಿ, ಗಾಡಿ ಬೇಕು. ಡೀಸೆಲ್ ಹಾಕಿಸಿದರೆ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ. ಟೈರು, ಇನ್ಶೂರೆನ್ಸು, ರಿಪೇರಿ ಯಾರದ್ದು? ಈಗಲೂ ನೋಡು, ನಿಶ್ಚಯಕ್ಕೆ ಸೀಟು ಹಿಡಿಯೋಕೆ ಎಲ್ಲರೂ ಹೆಸರು ಹಾಕಿದ್ದಾರೆ, ನೀನು ಗಾಬರಿಯಾಗಿ ಕೇಳಿದ ಪ್ರಶ್ನೆಗೆ ಬೆಳಗ್ಗೆಯಿಂದ ಒಬ್ಬರೂ ಉತ್ತರ ಕೊಟ್ಟಿಲ್ಲ. ನನಗೆ ಬಹಳ ಬೇಜಾರಾಗಿದೆ, ಹೇಳಿಬಿಟ್ಟೆ.

ಹಾಂ, ಮುಖ್ಯ ಮಾತೇ ಉಳಿಯಿತು. ರ್ಯಾಕ್ ಬಿಚ್ಚೋ ಮೊದಲು ಎಲ್ಲಿಂದ ಸೋರುತ್ತೆ ಅಂತ ಸರಿಯಾಗಿ ನೋಡಿಸು. ಕೆಳಗೆಲ್ಲ ಒರೆಸಿ, ಇಂಜಿನ್ ಚಾಲೂ ಮಾಡಿ ನೀನು ಸ್ಟೇರಿಂಗ್ ತಿರುಗಿಸು, ಮೇಸ್ತ್ರಿ ಕೆಳಗಿನಿಂದ ಟಾರ್ಚ್ ಹಿಡಿದು ನೋಡಲಿ. ಎಷ್ಟೋ ಸಲ ಪೈಪಿನ ಜಾಯಿಂಟಿನಿಂದ ಹನಿದ ಎಣ್ಣೆ ಹರಿದು ಬಂದು ರ್ಯಾಕ್ ಮೇಲೆ ನಿಲ್ಲುತ್ತೆ, ಆಗ ವಾಶರೋ ಪೈಪೋ ಬದಲಿಸಿದರೆ ಸಾಕು. ಬೂಟಿನೊಳಗೇ ಎಣ್ಣೆ ಇದ್ದರೆ ರ್ಯಾಕಿನ ಸೀಲ್ ಹೋಯಿತು ಅಂತಲೇ ತಿಳಿ.

ಬದಲಿಸೋದೇ ಆದರೆ ನೀನು ಅಲ್ಲೇ ನಿಂತಿರು. ಚಕ್ರ ನೇರ ಇಟ್ಟು, ಸ್ಟೇರಿಂಗ್ ತಿರುಗದಂತೆ ಕಟ್ಟಿಯೇ ಬಿಚ್ಚಬೇಕು, ಏರ್‌ಬ್ಯಾಗ್ ಇದ್ದರೆ ಸುಮ್ನೆ ತಿರುಗಿಸಿದಾಗ ಅದರ ಒಳಗಿನ ವೈರ್ ತುಂಡಾಗಬಹುದು. ಹಳೆ ಎಣ್ಣೆ ಪೂರಾ ತೆಗೆಸು, ಇಲ್ಲದಿದ್ದರೆ ಆ ಕರಿ ಪುಡಿ ಹೊಸ ರ್ಯಾಕಿಗೂ ಹೋಗುತ್ತೆ. ಎಣ್ಣೆ ತುಂಬಿದ ಮೇಲೆ ಮುಂದಿನ ಚಕ್ರ ಎತ್ತಿ, ಇಂಜಿನ್ ಬಂದ್ ಇಟ್ಟು, ಆ ಕಡೆಯಿಂದ ಈ ಕಡೆ ತನಕ ನಿಧಾನ ತಿರುಗಿಸಿ ಗಾಳಿ ತೆಗೆಯಲಿ, ಆಮೇಲೆ ಚಾಲೂ ಮಾಡಲಿ. ವ್ಹೀಲ್ ಅಲೈನ್‌ಮೆಂಟ್, ಅಂದರೆ ಚಕ್ರ ಸರಿಯಾಗಿ ನೇರ ಕೂರಿಸೋದು, ಅದೇ ದಿನ ಮಾಡಿಸು, ಇಲ್ಲವಾದರೆ ಟೈರ್ ತಿಂದು ಹಾಕುತ್ತೆ.

ಹಾವೇರಿಗೆ ಬಾಡಿಗೆ ಗಾಡಿ ಹೇಳು, ಬಾಡಿಗೆ ಎಲ್ಲಾ ಮನೆಯವರೂ ಹಂಚಿಕೊಳ್ಳಲಿ. ಗಾಡಿಯ ಸ್ಟೇರಿಂಗ್ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಯಾವ ಎಣ್ಣೆ ಅಂತ ಬರೆದಿರುತ್ತೆ, ಅದರ ಫೋಟೊ ಈಗಲೇ ಹಾಕು, ಅಂಗಡಿಯವರು ಕೊಟ್ಟಿದ್ದನ್ನ ಹಾಗೇ ತರಬೇಡ.