ಕಂಟ್ರೋಲ್ ತಟ್ಟೆಯಲ್ಲೇ ಫಾಸ್ ಜೀನ್ ಏರಿ ಕೂತಿದೆ, ಎಲ್ಲಿ ಎಡವುತ್ತಿದ್ದೇನೆ?

ಪೆಟ್ರಿಪ್ರಿಯೆ:
ನಮಸ್ಕಾರ. ಮೂರು ವಾರದಿಂದ ಒಂದೇ ಪ್ರಯೋಗಕ್ಕೆ ಅಂಟಿಕೊಂಡು ತಲೆ ಕೆಟ್ಟಿದೆ. ಕೋಶಕ್ಕೆ ಪ್ರಚೋದನೆ ಬಂದ ಕೂಡಲೇ ಎದ್ದೇಳುವ ಫಾಸ್ (Fos) ಜೀನನ್ನು ಅಳೆಯುವುದು ಗುರಿ. ಲ್ಯಾಬ್‌ನಲ್ಲಿ ಬೆಳೆಸುವ ಇಲಿಯ 3ಟಿ3 ಕೋಶಗಳನ್ನು 24 ಗಂಟೆ ಬರೀ 0.5% ಸೀರಮ್‌ನಲ್ಲಿ (ರಕ್ತದಿಂದ ತೆಗೆದ, ಕೋಶಗಳನ್ನು ಬೆಳೆಸುವ ದ್ರವ) ಉಪವಾಸ ಇಡುತ್ತೇನೆ. ಆಮೇಲೆ ಹಳೇ ಮೀಡಿಯಂ (ಕೋಶಗಳಿರುವ ಪೋಷಕ ದ್ರವ) ತೆಗೆದು, 20% ಸೀರಮ್ ಇರುವ ಹೊಸ ಮೀಡಿಯಂ ಹಾಕುತ್ತೇನೆ. 30 ನಿಮಿಷ, 1, 2, 4 ಗಂಟೆಗೆ ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಯಾವ ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ವಿಧಾನ). ಹೋಲಿಕೆಗೆ, ಏರಿಳಿಯದ ಜೀನ್ ಅಂದುಕೊಂಡು, ಬೀಟಾ ಆಕ್ಟಿನ್.

30 ನಿಮಿಷಕ್ಕೆ ಫಾಸ್ ಭಾರಿ ಏರಬೇಕಿತ್ತು. ನನಗೆ ಸಿಕ್ಕಿದ್ದು ಬರೀ ಮೂರು ಪಟ್ಟು! 20% ಸೀರಮ್ ಹಾಕದ ಕಂಟ್ರೋಲ್‌ನಲ್ಲೇ ಸಿಟಿ (ಕ್ಯೂಪಿಸಿಆರ್ ಕೊಡುವ ಸೈಕಲ್ ಸಂಖ್ಯೆ, ಕಡಿಮೆಯಾದಷ್ಟೂ ಆರ್‌ಎನ್‌ಎ ಜಾಸ್ತಿ) 24ರ ಹತ್ತಿರ ಬರುತ್ತಿದೆ. 2 ಮತ್ತು 4 ಗಂಟೆಯಲ್ಲಿ ಏನೂ ಇಲ್ಲ. ಸೀರಮ್ ಕೆಟ್ಟಿದೆ ಅಂತ ಹೊಸ ಬಾಟಲಿ ತೆಗೆದೆ, ಅದೇ ಕಥೆ.

ಹಳೇಬೆಂಚು:
ಸೀರಮ್ ಮೇಲೆ ಸುಮ್ನೆ ಅನುಮಾನ ಬೇಡ. ಮೊದಲು 2 ಮತ್ತು 4 ಗಂಟೆಯ ಚಿಂತೆ ಬಿಡಿ, ಅದು ಸರಿಯಾಗೇ ಇದೆ. ಫಾಸ್ ಆರ್‌ಎನ್‌ಎ ಅರ್ಧ ಗಂಟೆಯ ಆಸುಪಾಸಿನಲ್ಲಿ ತುದಿ ಮುಟ್ಟಿ, ಸರ್ರನೆ ಇಳಿಯುತ್ತದೆ. ಅದರ ಬಾಲದಲ್ಲಿ ಎ, ಯು ಎಂಬ ಆರ್‌ಎನ್‌ಎ ಅಕ್ಷರಗಳು ಜಾಸ್ತಿ ಇರುವ ಒಂದು ತುಂಡಿದೆ. ಅದೇ ಆರ್‌ಎನ್‌ಎಯನ್ನು ಬೇಗ ಒಡೆಯಲು ಹೇಳುವುದು. 15 ನಿಮಿಷದ ಒಂದು ತಟ್ಟೆ ಸೇರಿಸಿ, 4 ಗಂಟೆಯದನ್ನು ಕೈಬಿಟ್ಟರೂ ನಷ್ಟವಿಲ್ಲ.

ಈಗ ಎರಡು ಪ್ರಶ್ನೆ. ಕಂಟ್ರೋಲ್‌ಗೂ ಮೀಡಿಯಂ ಬದಲಾಯಿಸುತ್ತೀರಾ? ಬದಲಾಯಿಸಿದ ಎಷ್ಟು ಹೊತ್ತಿಗೆ ಕೋಶ ತೆಗೆಯುತ್ತೀರಿ?

ಪೆಟ್ರಿಪ್ರಿಯೆ:
ಹೌದು, ಬದಲಾಯಿಸುತ್ತೇನೆ. 0.5% ಸೀರಮ್ ಇರುವ ಹೊಸ ಮೀಡಿಯಂ. ನ್ಯಾಯ ಬೇಕಲ್ಲ! 30 ನಿಮಿಷದ ತಟ್ಟೆಯ ಜೊತೆಗೇ ತೆಗೆಯುತ್ತೇನೆ. ಮೀಡಿಯಂ ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟಿರುತ್ತೇನೆ.

ಹಳೇಬೆಂಚು:
ಸಿಕ್ಕಿತು ನೋಡಿ. ನಿಮ್ಮ ಕಂಟ್ರೋಲ್ ಸುಮ್ಮನೆ ಕೂತ ತಟ್ಟೆಯಲ್ಲ. ತಣ್ಣನೆಯ ದ್ರವ ಬಿತ್ತು, ಪಿಪೆಟ್‌ನ ಹರಿವು ತಾಗಿತು, ಹೊಸ ಪೋಷಕಾಂಶ ಬಂತು. ಫಾಸ್‌ಗೆ ಇಷ್ಟು ಸಾಕು. ಅದು ಮೊದಲ ಸಾಲಿನ ಜೀನ್. ಪ್ರಚೋದನೆ ಬಂದಾಗ ಬೇಕಾದ ಪ್ರೋಟೀನುಗಳು ಕೋಶದಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಜೀನ್‌ಗಳನ್ನು ಚಾಲೂ ಮಾಡುವ ಎಸ್‌ಆರ್‌ಎಫ್ ಪ್ರೋಟೀನ್ ಫಾಸ್‌ನ ಬಾಗಿಲಲ್ಲೇ ಕೂತಿರುತ್ತದೆ. ಅದರ ಜೊತೆಗಾರನಿಗೆ ಫಾಸ್ಫೇಟ್ ಅಂಟಿದರೆ ನಿಮಿಷಗಳಲ್ಲಿ ಕೆಲಸ ಶುರು. ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೋಟೀನ್ ತಯಾರಿಕೆ ನಿಲ್ಲಿಸಿದರೂ ಫಾಸ್ ಏರುತ್ತದೆ. ನಿಲ್ಲಿಸುವ ಪ್ರೋಟೀನುಗಳೂ ಹುಟ್ಟುವುದಿಲ್ಲವಾದ್ದರಿಂದ ಇನ್ನೂ ಜಾಸ್ತಿಯೇ ಏರುತ್ತದೆ!

ಹೀಗೆ ಮಾಡಿ. ಹಳೇ ಮೀಡಿಯಂ ತೆಗೆಯಲೇಬೇಡಿ. ಸೀರಮ್ಮನ್ನು 37 ಡಿಗ್ರಿಗೆ ತಂದು, ಲೆಕ್ಕಕ್ಕೆ ಬೇಕಾದಷ್ಟನ್ನು ತಟ್ಟೆಯ ಅಂಚಿನಿಂದ ಮೆಲ್ಲಗೆ ಬಿಡಿ. ಕಂಟ್ರೋಲ್‌ಗೆ, ಅದೇ ದಿನ ಉಪವಾಸವಿದ್ದ ಇನ್ನೊಂದು ತಟ್ಟೆಯ ಬಳಸಿದ ಮೀಡಿಯಂ ಅಷ್ಟೇ ಬಿಡಿ. ಜೊತೆಗೆ, ಮುಟ್ಟದೇ ಇಟ್ಟ ಒಂದು ತಟ್ಟೆ ಇರಲಿ. ಅದನ್ನು ಇನ್‌ಕ್ಯುಬೇಟರ್‌ನಿಂದ ತೆಗೆದ ಕೂಡಲೇ ನೇರ ಟ್ರೈಝಾಲ್ (ಕೋಶ ಒಡೆದು ಆರ್‌ಎನ್‌ಎ ತೆಗೆಯುವ ದ್ರವ). ಎಲ್ಲ ತಟ್ಟೆ ಒಟ್ಟಿಗೆ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಡುವ ಅಭ್ಯಾಸವಿದ್ದರೆ ಬಿಡಿ. ಕೊನೆಯ ತಟ್ಟೆಯ ಸರದಿ ಬರುವಷ್ಟರಲ್ಲಿ ಅದಕ್ಕೂ ಹತ್ತು ನಿಮಿಷದ ಚಳಿ ಹಿಡಿದಿರುತ್ತದೆ. ಟ್ರಿಪ್ಸಿನ್ ಕಿಣ್ವ ಹಾಕಿ ಕೋಶಗಳನ್ನು ತಟ್ಟೆಯಿಂದ ಬಿಡಿಸುವುದಂತೂ ಬೇಡವೇ ಬೇಡ.

ಸಿಟಿ_ನಲವತ್ತು:
ನಡುವೆ ಬಾಯಿ ಹಾಕುತ್ತೇನೆ. ಆಕ್ಟಿನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಬೀಟಾ ಆಕ್ಟಿನ್ ಕೂಡ ಎಸ್‌ಆರ್‌ಎಫ್ ಆಳುವ ಜೀನೇ. ಸೀರಮ್ ಹಾಕಿದರೆ ಅದೂ ಏರುತ್ತದೆ. ಅಳತೆಕೋಲೇ ಉದ್ದವಾದರೆ ಬಟ್ಟೆ ಗಿಡ್ಡವಾಗಿಯೇ ಕಾಣುತ್ತದೆ. ನಾನು ಇದಕ್ಕೆ ಆರು ತಿಂಗಳು ಕಳೆದಿದ್ದೇನೆ, ಹೊಟ್ಟೆ ಉರಿಯುತ್ತದೆ. ಹೋಲಿಕೆಗೆ ಟಿಬಿಪಿ, ಎಚ್‌ಪಿಆರ್‌ಟಿ ಎಂಬ ಎರಡು ಜೀನ್‌ಗಳನ್ನೂ ಹಾಕಿ, ನಿಮ್ಮ ತಟ್ಟೆಗಳಲ್ಲಿ ಯಾವುದು ಅಲುಗಾಡುವುದಿಲ್ಲ ನೋಡಿಕೊಳ್ಳಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ಕಿಣ್ವ) ಇಲ್ಲದ ಒಂದು ಟ್ಯೂಬ್ ಇದೆ ತಾನೇ? ಡಿಎನ್‌ಎ ಉಳಿದಿದ್ದರೂ ಕಂಟ್ರೋಲ್ ಏರಿದಂತೆ ಕಾಣುತ್ತದೆ.

ಪೆಟ್ರಿಪ್ರಿಯೆ:
ಆ ಟ್ಯೂಬ್ ಇದೆ, ಶುದ್ಧವಾಗಿದೆ. ಆಕ್ಟಿನ್ ವಿಷಯ ಗೊತ್ತೇ ಇರಲಿಲ್ಲ. ಒಂದು ಪೆದ್ದು ಪ್ರಶ್ನೆ: ಅರ್ಧ ಗಂಟೆಯಲ್ಲಿ ಬಂದು ಹೋಗುವ ಜೀನಿಗೆ ರೋಗದಲ್ಲಿ ಅಷ್ಟೇನು ಪಾತ್ರ? ಲ್ಯಾಬ್ ಮೀಟಿಂಗ್‌ನಲ್ಲಿ ಕೇಳಿದರು, ಬ್ಬೆಬ್ಬೆ ಅಂದೆ.

ಹಳೇಬೆಂಚು:
ಪೆದ್ದು ಪ್ರಶ್ನೆ ಅಲ್ಲ. ಬೇಗ ಹೋಗುವುದೇ ಅದರ ಆರೋಗ್ಯ. ಇಲಿಗಳಲ್ಲಿ ಮೂಳೆ ಕ್ಯಾನ್ಸರ್ ತರುವ ಎಫ್‌ಬಿಜೆ ಎಂಬ ವೈರಸ್ ಇದೆ. ಫಾಸ್ ಪತ್ತೆಯಾದದ್ದೇ ಆ ದಾರಿಯಲ್ಲಿ. ವೈರಸ್ಸಿನಲ್ಲಿರುವ ಫಾಸ್ ನಕಲಿನಲ್ಲಿ ಆಗಲೇ ಹೇಳಿದ ಬಾಲದ ತುಂಡು ಇಲ್ಲ, ಪ್ರೋಟೀನಿನ ಕೊನೆಯೂ ಬೇರೆ. ಮನುಷ್ಯರ ಆಸ್ಟಿಯೋಬ್ಲಾಸ್ಟೋಮಾ ಎಂಬ ಮೂಳೆ ಗಡ್ಡೆಯಲ್ಲೂ ಫಾಸ್ ಜೀನ್ ಮುರಿದು, ಪ್ರೋಟೀನಿನ ಕೊನೆ ಕತ್ತರಿಸಿಹೋಗಿರುವುದು 2018ರಲ್ಲಿ ವರದಿಯಾಯಿತು. ಹಾಗಂತ ಫಾಸ್ ಪೂರ್ತಿ ಇಲ್ಲದಿದ್ದರೆ ಒಳ್ಳೆಯದೇ? ಅದೂ ಇಲ್ಲ. ಫಾಸ್ ಇಲ್ಲದ ಇಲಿಗಳಲ್ಲಿ ಮೂಳೆ ಕರಗಿಸುವ ಕೋಶಗಳೇ ಹುಟ್ಟುವುದಿಲ್ಲ. ಮೂಳೆ ಕಲ್ಲಿನಂತೆ ತುಂಬಿಕೊಳ್ಳುತ್ತದೆ, ಹಲ್ಲು ಹೊರಗೆ ಬರುವುದಿಲ್ಲ.

ಮಿದುಳಿನ ಕಥೆ ಇನ್ನೊಂದು ದೊಡ್ಡದು, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ.

ಪೆಟ್ರಿಪ್ರಿಯೆ (ಒಂಬತ್ತು ದಿನದ ನಂತರ):
ಆಯಿತು! ಮುಟ್ಟದ ತಟ್ಟೆಯಲ್ಲಿ ಫಾಸ್ ಸಿಟಿ 30 ದಾಟಿತು. ಬಳಸಿದ ಮೀಡಿಯಂ ಬಿಟ್ಟ ಕಂಟ್ರೋಲ್ 29ರಲ್ಲಿದೆ. ಸೀರಮ್ ಬಿಟ್ಟ 30 ನಿಮಿಷದ್ದು 22. ಮೊದಲಿನಂತೆ ತಣ್ಣನೆಯ ಹೊಸ ಮೀಡಿಯಂ ಹಾಕಿದ ಒಂದು ತಟ್ಟೆಯನ್ನೂ ಬೇಕಂತಲೇ ಇಟ್ಟಿದ್ದೆ, ಅದು ಮತ್ತೆ 24ಕ್ಕೇ ಬಂತು. ಟಿಬಿಪಿ ಎಲ್ಲ ಕಡೆ ನೆಟ್ಟಗಿದೆ. ಆಕ್ಟಿನ್ 1 ಗಂಟೆಯ ತಟ್ಟೆಯಲ್ಲಿ ಒಂದೂವರೆ ಸೈಕಲ್ ಮುಂದೆ ಓಡಿದೆ, ಅಂದರೆ ಅದೂ ಏರಿದೆ.

ಹಳೇ ಸೀರಮ್ ಬಾಟಲಿ ಇನ್ನೂ ಅರ್ಧ ಇದೆ. ಎಸೆದಿರಲಿಲ್ಲ, ಪುಣ್ಯ.

ಸಿಟಿ_ನಲವತ್ತು:
ಮೂರು ಸಲ ಬೇರೆ ಬೇರೆ ದಿನ ಮಾಡಿ, ಆಮೇಲೆ ಮೀಟಿಂಗ್‌ನಲ್ಲಿ ತೋರಿಸಿ. ಆ ತಣ್ಣನೆಯ ತಟ್ಟೆಯ ಗ್ರಾಫನ್ನೂ ಬಿಡಬೇಡಿ.